ದೊಡ್ಡ ಸೊಸೆ ಹುಡುಕಿದ್ದೇನು

ಹೊಲಿಗೆ ಮಿಷನ್ನಿನ ಒಳಗೆ ಏನು ಕೆಟ್ಟಿದೆ ಎಂದು ಅದನ್ನು ಕಣ್ಣಲ್ಲಿ ನೋಡದೆಯೇ ಹೇಳಬಲ್ಲವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ದೊಡ್ಡ ಸೊಸೆ ಅಂಥವಳೊಬ್ಬಳು. ಅಂಗಡಿಗೆ ಫೋನ್ ಬರುತ್ತಿತ್ತು. ಆ ಕಡೆಯವರು ಅದು ಹಾಗಾಯಿತು, ಇದು ಹೀಗಾಯಿತು ಎಂದು ಪುರಾಣ ಶುರು ಮಾಡುವ ಮೊದಲೇ ಇವಳು, "ಫೋನನ್ನ ಮಿಷನ್ ಹತ್ರ ಹಿಡೀರಿ. ಹಾಂ, ಈಗ ತುಳೀರಿ" ಎನ್ನುತ್ತಿದ್ದಳು. ನಾಲ್ಕು ಸುತ್ತು ಕೇಳಿದರೆ ಸಾಕು. "ಸೂಜಿ ಹಿಂದುಮುಂದಾಗಿ ಹಾಕಿದೀರ. ತೆಗೆದು ತಿರುಗಿಸಿ ಹಾಕಿ" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೇ ಆಗಿರುತ್ತಿತ್ತು. ಹತ್ತನೆಯ ಸಲ ತಪ್ಪಾದರೆ ಅದಕ್ಕೆ ಆ ಕಡೆಯವರು ಸರಿಯಾಗಿ ತುಳಿಯದಿದ್ದದ್ದೇ ಕಾರಣವೆಂದು ಅವಳ ತೀರ್ಮಾನ.

ಈ ವಿದ್ಯೆಯನ್ನು ಅವಳು ತವರಿಂದ ತಂದಿರಲಿಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಮೂರು ಸಲ ಎಂಜಲು ಹಚ್ಚಬೇಕಾಗುತ್ತಿತ್ತು. ಅಂಗಡಿ ಅತ್ತೆಯದು. ಹೊಸ ಮಿಷನ್ ಮಾರಾಟ, ಹಳೆಯದರ ರಿಪೇರಿ, ಬಿಡಿಭಾಗ ಎಲ್ಲವೂ ಅಲ್ಲಿತ್ತು. ಅತ್ತೆ ಮೊದಲ ವಾರವೇ ಸೊಸೆಯ ಮುಂದೆ ಒಂದು ತುಕ್ಕು ಹಿಡಿದ ಮಿಷನ್ ಇಟ್ಟು, "ಬಿಚ್ಚು" ಎಂದರು. ಬಿಚ್ಚಿದಳು. "ಈಗ ಜೋಡಿಸು" ಎಂದರು. ಜೋಡಿಸಿದ ಮೇಲೆ ಮೇಜಿನ ಮೇಲೆ ಏಳು ಸ್ಕ್ರೂ ಉಳಿದಿದ್ದವು. ಅತ್ತೆ ಬೈಯಲಿಲ್ಲ, ನಗಲೂ ಇಲ್ಲ. ಮತ್ತೆ ಬಿಚ್ಚು ಎಂದರು, ಅಷ್ಟೇ. ಹೀಗೆ ಹದಿನೆಂಟು ವರ್ಷ ಕಳೆದವು. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ರಿಪೇರಿ ಮಾಡುವ ಅವಳ ಗಂಡನೇ ಎಷ್ಟೋ ಸಲ ತಲೆ ಎತ್ತಿ, "ಏನೇ, ಇದೇನು ಸದ್ದು ಸ್ವಲ್ಪ ಕೇಳು" ಎಂದು ಕರೆಯುವ ಮಟ್ಟಕ್ಕೆ ಅವಳು ಬಂದಿದ್ದಳು. ಗಿರಾಕಿಗಳು ಮಿಷನ್ ಡಾಕ್ಟರು ಎನ್ನುತ್ತಿದ್ದರು. ಅತ್ತೆ ಮಾತ್ರ ಅವಳು ಏನು ಮಾಡಿದರೂ "ಹೂಂ" ಎನ್ನುತ್ತಿದ್ದರು. ಆ ಹೂಂನಲ್ಲಿ ಮೆಚ್ಚುಗೆ ಎಷ್ಟು, ಬೇಸರ ಎಷ್ಟು ಎಂದು ಅಳೆಯುವ ಕಿವಿ ಅವಳಿಗಿನ್ನೂ ಬಂದಿರಲಿಲ್ಲ.

ಅತ್ತೆಯ ಸ್ವಭಾವವೇ ಹಾಗೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಹೊಗಳುವ ನಾಲಿಗೆ ಅಲ್ಲ ಅದು, ಪಾಪ, ಏನು ಮಾಡುವುದು ಎಂದುಕೊಂಡಿದ್ದಳು. ಮೂರು ವರ್ಷದ ಹಿಂದೆ ಮೈದುನನಿಗೆ ಮದುವೆಯಾಗಿ ಚಿಕ್ಕ ಸೊಸೆ ಮನೆಗೆ ಬಂದಳು. ಬಂದ ನಾಲ್ಕನೇ ದಿನ ಅವಳು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ದಾರದ ಉಂಡೆಗಳನ್ನು ತಿಳಿಬಣ್ಣದಿಂದ ಗಾಢ ಬಣ್ಣಕ್ಕೆ ಜೋಡಿಸಿ ಇಟ್ಟಳು. ಅತ್ತೆ ಅದನ್ನು ನೋಡಿ ಬಾಯ್ತುಂಬ ಹೇಳಿದರು: "ಎಷ್ಟು ಜಾಣೆ ಕಣೇ ನೀನು!"

ದೊಡ್ಡ ಸೊಸೆಯ ಕೈಯಲ್ಲಿದ್ದ ಎಣ್ಣೆ ಡಬ್ಬಿ ಅಲ್ಲೇ ನಿಂತಿತು. ದಾರದ ಉಂಡೆ! ಬಣ್ಣದ ಪ್ರಕಾರ ಇಡುವುದಕ್ಕೆ ಜಾಣತನ ಯಾಕೆ ಬೇಕು, ಕಣ್ಣಿದ್ದರೆ ಸಾಕು. ಅತ್ತೆಗೆ ಹೊಗಳುವ ನಾಲಿಗೆ ಇತ್ತು. ಇಷ್ಟು ವರ್ಷ ಅದು ತನಗಾಗಿ ಹೊರಳಲಿಲ್ಲ ಎಂಬುದು ಅಂದು ಗೊತ್ತಾಯಿತು. ಹೊಟ್ಟೆಕಿಚ್ಚು ಹುಟ್ಟಿದ ದಿನ, ಗಳಿಗೆ ಎರಡೂ ಇದೇ. ಅವಳೇನೂ ಅದನ್ನು ಮುಚ್ಚಿಡಲಿಲ್ಲ. ಆ ಸಂಜೆ ಗಂಡನಿಗೆ ಹೇಳಿದಳು, "ರೀ, ನಿಮ್ಮಮ್ಮ ದಾರದ ಉಂಡೆ ಜೋಡಿಸಿದ್ದಕ್ಕೆ ಜಾಣೆ ಅಂದ್ರು." ಗಂಡ, "ಚೆನ್ನಾಗೇ ಕಾಣ್ತಿದೆಯಲ್ಲೇ" ಎಂದ. ಮುಂದಿನ ಎರಡು ದಿನ ಅವನಿಗೆ ಅವಳಿಂದ ಸರಿಯಾಗಿ ಮಾತು ಸಿಗಲಿಲ್ಲ.

ಅಂಗಡಿಗೆ ಒಂದು ವೆಬ್‌ಸೈಟ್ ಇತ್ತು. ಅದನ್ನು ಬರೆದದ್ದು ದೊಡ್ಡ ಸೊಸೆಯೇ. ಬರೆಯುವಾಗ ಅವಳಿಗೆ ಒಂದು ಗಾಂಭೀರ್ಯ ಬಂದುಬಿಡುತ್ತಿತ್ತು. "ನಮ್ಮ ಸಂಸ್ಥೆಯು ಗ್ರಾಹಕರ ಸೇವೆಯಲ್ಲಿ ನಿರಂತರವಾಗಿ ತೊಡಗಿಸಿಕೊಂಡಿದೆ" ಎಂದು ಶುರುವಾಗಿ, "ಶಟಲ್ ಜೋಡಣೆಯಲ್ಲಿ ಉಂಟಾಗುವ ದೋಷಗಳ ಪರಿಚಯ" ಎಂಬ ಎರಡು ಪುಟದ ಲೇಖನದಲ್ಲಿ ಅದು ಮುಗಿಯುತ್ತಿತ್ತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಅಂಗಡಿಯ ಹೆಸರನ್ನು ಟೈಪು ಮಾಡಿ ಹುಡುಕುತ್ತಿದ್ದಳು. ಮೊದಲನೆಯದಾಗಿ ತಮ್ಮದೇ ಬರುತ್ತಿತ್ತು. ಅದನ್ನು ಒತ್ತಿ, ಒಳಗೆ ಹೋಗಿ, ತಾನು ಬರೆದದ್ದನ್ನು ಒಮ್ಮೆ ಓದಿ ಆನಂದಪಟ್ಟು ಹೊರಗೆ ಬರುತ್ತಿದ್ದಳು. "ಅತ್ತೆ, ನೆಟ್‌ನಲ್ಲಿ ನಾವೇ ಫಸ್ಟು" ಎಂದು ವರದಿ ಕೊಡುತ್ತಿದ್ದಳು. ಅತ್ತೆ "ಹೂಂ" ಎನ್ನುತ್ತಿದ್ದರು.

ಒಂದು ದಿನ ಗೌನು ಹೊಲಿಯುವ ಹೆಂಗಸೊಬ್ಬಳು ಬಂದು ಮಿಷನ್ನಿನ ಬೆಲ್ಟ್ ಕೊಳ್ಳುತ್ತ, "ನಿಮ್ಮ ಅಂಗಡಿ ನಮ್ಮನೆಯಿಂದ ಎರಡೇ ಬೀದಿ ಆಚೆ ಇದೆ ಅಂತ ಗೊತ್ತೇ ಇರಲಿಲ್ಲ. ಎಷ್ಟು ಹುಡುಕಿದೆ, ಬರಲೇ ಇಲ್ಲ" ಎಂದಳು.

"ಬರಲ್ವಾ? ನಾವೇ ಮೊದಲು ಬರೋದು!" ಎಂದಳು ದೊಡ್ಡ ಸೊಸೆ.

ಕೌಂಟರಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕ ಸೊಸೆ ಮೆಲ್ಲಗೆ ಕೇಳಿದಳು, "ನೀವು ಏನಂತ ಹುಡುಕಿದ್ರಿ?"

"ಕೆಳಗಡೆ ದಾರ ಗಂಟು ಗಂಟು ಆಗ್ತಿದೆ ಅಂತ."

ಆ ಹೆಂಗಸು ಹೋದ ಮೇಲೆ ಚಿಕ್ಕ ಸೊಸೆ ತನ್ನ ಫೋನಿನಲ್ಲಿ ಅದೇ ಮಾತು ಹಾಕಿ ತೋರಿಸಿದಳು. ಮೊದಲ ಪುಟದಲ್ಲಿ ಅಂಗಡಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರ ಕೊನೆಯಲ್ಲಿ ಶಟಲ್ ಜೋಡಣೆಯ ದೋಷಗಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದವು.

"ಅಂಗಡಿ ಹೆಸರು ಗೊತ್ತಿರೋರು ಹುಡುಕಲ್ಲ ಅಕ್ಕ, ನೇರ ಬಂದೇಬಿಡ್ತಾರೆ. ಗೊತ್ತಿಲ್ಲದೋರು ತಾನೇ ಹುಡುಕೋದು? ಕೆಳಗಿನ ದಾರ ಹಿಡಿಯೋ ಭಾಗಕ್ಕೆ ಶಟಲ್ ಅನ್ನೋ ಹೆಸರೂ ಅವರಿಗೆ ಗೊತ್ತಿರಲ್ಲ. ಗಂಟು ಬಿಡಿಸ್ಕೋಬೇಕು, ಅಷ್ಟೇ."

ಹೇಳಿದ್ದು ಮೆತ್ತಗೆ, ಮರ್ಯಾದೆಯಿಂದಲೇ. ಆದರೆ ಅತ್ತೆ ಅಲ್ಲೇ ನಿಂತಿದ್ದರು. "ಹೌದಲ್ಲ! ಹಾಗಾದ್ರೆ ಇನ್ಮೇಲೆ ಅದನ್ನೆಲ್ಲ ನೀನೇ ಬರಿ" ಎಂದುಬಿಟ್ಟರು. ದೊಡ್ಡ ಸೊಸೆಯ ಮೈಯೆಲ್ಲ ಉರಿಯಿತು.

ಚಿಕ್ಕವಳು ಬರೆಯತೊಡಗಿದಳು. ಅವಳ ಕ್ರಮ ನೋಡಿದರೆ ಅದು ಕೆಲಸವೆಂದೇ ಅನಿಸುತ್ತಿರಲಿಲ್ಲ. ದಿನವಿಡೀ ಸ್ಟೂಲಿನ ಮೇಲೆ ಕೂತು, ಬಂದವರು ಬಾಗಿಲಲ್ಲಿ ನಿಂತು ಮೊದಲು ಆಡುವ ಮಾತನ್ನು ಇದ್ದದ್ದು ಇದ್ದಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಆಮೇಲೆ ಆ ಮಾತನ್ನೇ ಹಾಕಿ ಹುಡುಕಿ, ಮೊದಲು ಬರುವ ಹತ್ತನ್ನೂ ಓದುವಳು. ಹತ್ತೂ ಮಾರುವ ಅಂಗಡಿಗಳೇ ಆಗಿದ್ದರೆ ಕೇಳುವವರಿಗೆ ಕೊಳ್ಳುವ ಮನಸ್ಸಿದೆ ಎಂದು ಲೆಕ್ಕ. ಹತ್ತೂ ರಿಪೇರಿ ಹೇಳಿಕೊಡುವುದಾದರೆ ಅವರಿಗೆ ತಾವೇ ಸರಿಮಾಡಿಕೊಳ್ಳಬೇಕಾಗಿದೆ ಎಂದು. ಅದಕ್ಕೆ ತಕ್ಕಂತೆ ಬರೆಯುವಳು. ಮೊದಲ ಸಾಲಿನಲ್ಲೇ ಉತ್ತರ ಇರುತ್ತಿತ್ತು. ಸಂಸ್ಥೆಯ ಸೇವೆಯ ಸುದ್ದಿ ಎಲ್ಲೂ ಇಲ್ಲ. ಎರಡು ತಿಂಗಳಿಗೆ ಗಂಟು ಬಿಡಿಸುವ ಪುಟ ಮೊದಲ ಪುಟಕ್ಕೆ ಬಂತು, ನಾಲ್ಕು ತಿಂಗಳಿಗೆ ಎಲ್ಲಕ್ಕಿಂತ ಮೇಲೆ. ಅಂಗಡಿಗೆ ಹೊಸ ಮುಖಗಳು ಬರತೊಡಗಿದವು. "ಅದನ್ನ ಬರೆದೋರು ಯಾರು?" ಎಂದು ಕೇಳುತ್ತಿದ್ದರು. ಅತ್ತೆ ಚಿಕ್ಕವಳ ಬೆನ್ನ ಮೇಲೆ ಕೈಯಿಟ್ಟು, "ನಮ್ಮ ಚಿಕ್ಕ ಸೊಸೆ" ಎನ್ನುತ್ತಿದ್ದರು.

ದೊಡ್ಡ ಸೊಸೆ ಆ ಪುಟವನ್ನು ಓದಬಾರದೆಂದು ಆಣೆ ಹಾಕಿಕೊಂಡಿದ್ದಳು. ಆಣೆ ಮೂರು ದಿನ ನಿಂತಿತು. ನಾಲ್ಕನೆಯ ದಿನ ಗಿರಾಕಿಗಳಿಲ್ಲದ ಮಧ್ಯಾಹ್ನ ತೆರೆದಳು. "ಗಂಟು ಕೆಳಗೆ ಕಾಣುತ್ತೆ, ಆದರೆ ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ, ದಾರವನ್ನೆಲ್ಲ ತೆಗೆದು, ಮೊದಲಿಂದ ಏರಿಸಿ. ಪಾದ ಕೆಳಗಿದ್ದಾಗ ಏರಿಸಿದರೆ ದಾರ ಅದನ್ನು ಬಿಗಿ ಹಿಡಿಯುವ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ." ಓದುತ್ತ ಓದುತ್ತ ಅವಳ ಕಿವಿ ನೆಟ್ಟಗಾಯಿತು. ಇದು ಯಾರ ಮಾತು? ಇದು ತನ್ನದೇ ಮಾತು! ಫೋನಿನಲ್ಲಿ ಸಾವಿರ ಸಲ ಹೇಳಿದ್ದು. ಕೊನೆಗೆ "ಹೆದರಬೇಡಿ, ಮಿಷನ್ ಕೆಟ್ಟಿಲ್ಲ" ಎಂದು ತಾನು ಹೇಳುವುದನ್ನೂ ಬಿಟ್ಟಿರಲಿಲ್ಲ ಆ ಮಹಾತಾಯಿ.

ನೇರ ಒಳಗೆ ಹೋಗಿ ಅತ್ತೆಯ ಮುಂದೆ ನಿಂತಳು. "ಅತ್ತೆ, ಅವಳು ಬರೆದಿರೋದೆಲ್ಲ ನಾನು ಫೋನಲ್ಲಿ ಹೇಳಿದ್ದು. ಒಂದು ಪದಾನೂ ಅವಳದ್ದಲ್ಲ."

ಅತ್ತೆ ಕನ್ನಡಕ ಮೂಗಿನ ತುದಿಗೆ ತಂದು ಅವಳನ್ನು ನೋಡಿದರು. "ಗೊತ್ತು. ಅವಳೇ ಹೇಳಿದ್ಲು. ಅಲ್ಲ, ಅಷ್ಟು ಚೆನ್ನಾಗಿ ಹೇಳೋಕೆ ಬರೋಳು, ಬರೆಯುವಾಗ ಅದನ್ನ ಬಿಟ್ಟು ಸಂಸ್ಥೆ, ಸೇವೆ ಅಂತ ಯಾಕೆ ಬರೆದೆ?"

ಕದ್ದಳು ಎಂದು ಹೇಳೋಣವೆಂದರೆ ಕಳ್ಳಿ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾಳೆ. ಇಂಥವರ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ. "ಅಷ್ಟು ಚೆನ್ನಾಗಿ" ಎಂದು ಅತ್ತೆ ಅಂದದ್ದು ಅವಳ ಕಿವಿಗೆ ಬಿದ್ದರೂ ಎದೆಗೆ ಇಳಿಯಲಿಲ್ಲ; ಬೈಗುಳದ ನಡುವೆ ಬಂದ ಹೊಗಳಿಕೆಯನ್ನು ಯಾರು ಎಣಿಸುತ್ತಾರೆ?

ತಾನೂ ಒಂದು ಕೈ ನೋಡೇಬಿಡುತ್ತೇನೆಂದು ಹೊರಟಳು. ಜನ "ಹಳೆ ಹೊಲಿಗೆ ಮಿಷನ್ ಬೆಲೆ" ಎಂದು ಬಹಳ ಹುಡುಕುತ್ತಾರೆಂದು ಎಲ್ಲೋ ತಿಳಿದುಕೊಂಡು, ಅಂಗಡಿಯಲ್ಲಿದ್ದ ಹಳೆಯ ಮಿಷನ್‌ಗಳ ಫೋಟೋ ತೆಗೆದು, ಒಂದೊಂದಕ್ಕೂ ಬೆಲೆ ಹಾಕಿ, "ಹಳೆಯ ಯಂತ್ರಗಳು ಸುಲಭ ದರದಲ್ಲಿ" ಎಂದು ಚಂದದ ಪುಟ ಮಾಡಿದಳು. ಒಂದೂವರೆ ತಿಂಗಳು ಕಾದಳು. ಒಬ್ಬರೂ ಬರಲಿಲ್ಲ. ಚಿಕ್ಕವಳು ಹತ್ತಿರ ಬಂದು, "ಅಕ್ಕ, ಹಾಗೆ ಹುಡುಕೋರು ಕೊಳ್ಳೋರಲ್ಲ ಅನ್ಸುತ್ತೆ. ಅವರ ಮನೇಲಿ ಆಗ್ಲೇ ಒಂದು ಇರುತ್ತೆ. ಅಮ್ಮಂದೋ ಅಜ್ಜಿದೋ. ಮಾರ್ಲಾ ಇಟ್ಕೊಳ್ಳಲಾ ಅಂತ ನೋಡ್ತಿರ್ತಾರೆ" ಎಂದಳು. ಅದರ ಮೇಲೆ ತಾನೊಂದು ಪುಟ ಬರೆದಳು: ಅಮ್ಮನ ಮಿಷನ್ ಮನೆಯಲ್ಲಿ ಸುಮ್ಮನೆ ಕೂತಿದೆಯೇ, ಮಾರುವ ಮೊದಲು ಇಷ್ಟು ನೋಡಿ. ಆಮೇಲೆ ಜನ ಹಳೆಯ ಮಿಷನ್‌ಗಳನ್ನು ಮಗುವಿನಂತೆ ಎತ್ತಿಕೊಂಡು ಬರತೊಡಗಿದರು. ಮುಕ್ಕಾಲು ಪಾಲು ಜನ ಮಾರದೆ, ರಿಪೇರಿ ಮಾಡಿಸಿಕೊಂಡು ವಾಪಸು ಹೋದರು. ಗಂಡನಿಗೆ ಊಟಕ್ಕೆ ಏಳುವಷ್ಟು ಬಿಡುವಿಲ್ಲದಂತಾಯಿತು. ಅವನೂ ಒಂದು ದಿನ, "ಚಿಕ್ಕವಳು ಭಾರಿ ಚುರುಕು ಬಿಡೆ" ಎಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

ಚಿಕ್ಕವಳ ಪುಟಗಳಿಂದಾಗಿ ದೂರದವರೂ ಬಿಡಿಭಾಗ ತರಿಸಿಕೊಳ್ಳತೊಡಗಿದ್ದರು. ಅದನ್ನೆಲ್ಲ ಹುಡುಕಿ, ಕಟ್ಟಿ, ಕಳಿಸುವುದಕ್ಕೆ ಹಿಂದಿನ ಕೋಣೆಯಲ್ಲಿ ಇಡೀ ದಿನ ಒಬ್ಬರು ಬೇಕಾದರು. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ನೆಲದಿಂದ ಸೂರಿನವರೆಗೆ ತಗಡಿನ ಸಣ್ಣ ಸಣ್ಣ ಡ್ರಾಯರುಗಳು, ಒಂದು ಟ್ಯೂಬ್‌ಲೈಟು, ಒಂದು ಮಣೆ. ಒಂದು ಗುರುವಾರ ಅತ್ತೆ ಇಬ್ಬರನ್ನೂ ಕರೆದು ಹೇಳಿದರು, "ಇನ್ಮುಂದೆ ಕೌಂಟರಿನಲ್ಲಿ ಇಬ್ಬರು ಬೇಡ. ಒಬ್ಬರು ಮುಂದೆ, ಒಬ್ಬರು ಹಿಂದೆ. ಯಾರು ಎಲ್ಲಿ ಅಂತ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲು ಕೂತು ತೀರ್ಮಾನ ಮಾಡೋಣ. ಆ ಹುಡುಕೋ ವಿಷಯಾನೂ ನನಗೆ ಒಂದು ಸಲ ಕಂಪ್ಯೂಟರಲ್ಲೇ ತೋರಿಸಿ. ಜನಕ್ಕೆ ಏನು ಬೇಕು ಅಂತ ತಿಳ್ಕೊಳ್ಳೋರು ಮುಂದೆ ಕೂರಬೇಕು."

ಮುಂದಿನ ಕುರ್ಚಿ ಎಂದರೆ ಹದಿನೆಂಟು ವರ್ಷದ ದೊಡ್ಡ ಸೊಸೆಯ ಕುರ್ಚಿ. ಫೋನ್ ಅಲ್ಲಿದೆ, ಬೀದಿ ಅಲ್ಲಿಂದ ಕಾಣುತ್ತದೆ, ಮಿಷನ್ ಡಾಕ್ಟರು ಎಂದು ಜನ ಕರೆಯುವುದು ಅಲ್ಲಿ ಕೂತವಳನ್ನು. ಫೋನ್ ಎತ್ತುವುದಂತೂ ಯಾವಾಗಲೂ ಅವಳೇ. ಕೈಯಲ್ಲಿ ಎಣ್ಣೆಯಿದ್ದರೂ, ಬಾಯಲ್ಲಿ ತುತ್ತಿದ್ದರೂ ಅತ್ತೆ, "ದೊಡ್ಡವಳೇ, ಫೋನು" ಎಂದು ಕೂಗುತ್ತಿದ್ದರು. ಗೇಯುವುದಕ್ಕೆ ನಾನು, ಬೆನ್ನು ತಟ್ಟಿಸಿಕೊಳ್ಳುವುದಕ್ಕೆ ಅವಳು ಎಂದು ದೊಡ್ಡ ಸೊಸೆ ಒಳಗೊಳಗೇ ಕುದಿಯುತ್ತಿದ್ದಳು. ಈಗ ಆ ಗೇಮೆಯೂ ಕೈಬಿಟ್ಟುಹೋಗುತ್ತದೆಂದರೆ!

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳೋಣವೆಂದರೆ ಗಂಡ ಆಗಲೇ ಪಕ್ಷಾಂತರ ಮಾಡಿದ್ದ. ಎದುರಿಗೆ ಕಂಪ್ಯೂಟರಿತ್ತು. ಅಂಗಡಿಯ ಹೆಸರು ಹಾಕುವ ಖಾನೆಯಲ್ಲಿ ಅವಳ ಬೆರಳುಗಳು ಬೇರೇನನ್ನೋ ಹಾಕಿದವು: ಆಮೇಲೆ ಬಂದವರು ಮೊದಲು ಬರುವುದು ಯಾಕೆ. ಸಾಲಿನಲ್ಲಿ ನಿಲ್ಲುವಾಗ ಪಾಲಿಸಬೇಕಾದ ಶಿಸ್ತಿನ ಬಗ್ಗೆ ಒಂದು ಲೇಖನ ಬಂತು. ಆಮೇಲೆ ಹಾಕಿದಳು: ಓರಗಿತ್ತಿ ಜಾಣೆಯಾದರೆ ಏನು ಮಾಡಬೇಕು. ಕೂಡುಕುಟುಂಬದಲ್ಲಿ ಸಾಮರಸ್ಯಕ್ಕೆ ಹತ್ತು ಸೂತ್ರಗಳು ಬಂದವು. ಜೊತೆಗೆ ಹಲ್ಲು ಬಿಟ್ಟುಕೊಂಡು ನಗುತ್ತಿರುವ ಇಬ್ಬರು ಹೆಂಗಸರ ಫೋಟೋ. ಆ ಹಲ್ಲುಗಳನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ಹೊಟ್ಟೆ ಉರಿ ಕಡಿಮೆಯಾಗಲು ಏನು ಮಾಡಬೇಕು ಎಂದು ಹಾಕಿದಳು. ಊಟವಾದ ಕೂಡಲೇ ಮಲಗಬೇಡಿ, ಖಾರ ಕಡಿಮೆ ಮಾಡಿ ಎಂದು ವೈದ್ಯರೊಬ್ಬರು ಹೇಳಿದರು. ಕೊನೆಗೆ ಹಲ್ಲು ಕಚ್ಚಿಕೊಂಡು ಹಾಕಿದಳು: ಓರಗಿತ್ತಿಯನ್ನು ಅಂಗಡಿಯಿಂದ ದೂರ ಇಡುವುದು ಹೇಗೆ. ಅದಕ್ಕೆ ಬಂದದ್ದನ್ನು ಅವಳು ಓದಲೂ ಇಲ್ಲ.

"ನಾನು ಕೇಳ್ತಿರೋದೇನು, ಇದು ಬೊಗಳ್ತಿರೋದೇನು!" ಎಂದು ಮೇಜು ಗುದ್ದಿದಳು. ಗುದ್ದಿದ ಕೈ ಹಾಗೇ ನಿಂತಿತು. ದಾರ ಗಂಟಾಗಿ, ಬಟ್ಟೆ ಮಿಷನ್ನಿಗೆ ಸಿಕ್ಕಿಕೊಂಡು, ನಾಳೆ ಕೊಡಬೇಕಾದ ಗೌನನ್ನು ಹಿಡಿದು ಕೂತ ಹೆಂಗಸೂ ತನ್ನ ಶಟಲ್ ಲೇಖನ ಓದಿ ಹೀಗೇ ಬೈದುಕೊಂಡಿರಬೇಕು. ಚಿಕ್ಕವಳು ಹೇಳಿದ್ದು ಸರಿ. ಮೊದಲ ಬಾರಿಗೆ ಅದು ಅವಳಿಗೆ ಪೂರ್ತಿಯಾಗಿ ಅರ್ಥವಾಯಿತು. ಅರ್ಥವಾದದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಯಿತೆಂದು ತಿಳಿಯಬೇಡಿ. ಇಷ್ಟು ಸುಲಭದ ವಿಷಯ ತನಗೇ ಯಾಕೆ ಹೊಳೆಯಲಿಲ್ಲ ಎಂದು ದುಪ್ಪಟ್ಟಾಯಿತು. ಪುಟಗಳನ್ನೆಲ್ಲ ಮುಚ್ಚಿದಳು. ಮುಚ್ಚಿದರೆ ಎಲ್ಲ ಮಾಯವಾಗುತ್ತದೆ ಎಂಬುದು ಅವಳ ನಂಬಿಕೆ.

ಸೋಮವಾರ ಬಂತು. ಅರ್ಧ ಎತ್ತಿದ ಷಟರಿನ ಕೆಳಗಿಂದ ಬೆಳಕು ಬರುತ್ತಿತ್ತು. ಗಂಡ ಕಿಟಕಿ ಪಕ್ಕದಲ್ಲಿ ಸ್ಕ್ರೂ ಡ್ರೈವರ್ ಹಿಡಿದು, ತನಗೆ ಕಿವಿಯೇ ಇಲ್ಲವೆಂಬಂತೆ ಕೂತಿದ್ದ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಕಂಪ್ಯೂಟರಿನ ಹತ್ತಿರ ಕುರ್ಚಿ ಎಳೆದುಕೊಂಡರು. "ಹೂಂ, ತೋರ್ಸು" ಎಂದರು. ಚಿಕ್ಕ ಸೊಸೆ ಹುಡುಕುವ ಖಾನೆಯ ಮೇಲೆ ಒತ್ತಿದಳು. ಇನ್ನೂ ಒಂದಕ್ಷರ ಹಾಕಿರಲಿಲ್ಲ. ಖಾನೆಯ ಕೆಳಗೆ ಒಂದು ಪಟ್ಟಿ ತಾನಾಗಿ ಇಳಿಯಿತು. ಆ ಕಂಪ್ಯೂಟರಿನಲ್ಲಿ ಈಚೆಗೆ ಹುಡುಕಿದ್ದೆಲ್ಲ ಅಲ್ಲಿತ್ತು. ಒಂದರ ಕೆಳಗೊಂದು, ದಪ್ಪ ಅಕ್ಷರದಲ್ಲಿ.

ಶನಿವಾರ ದೊಡ್ಡ ಸೊಸೆ ಹಾಕಿದ್ದ ನಾಲ್ಕೂ ಅಲ್ಲೇ ಇದ್ದವು. ಚಿಕ್ಕವಳ ಬೆರಳು ನಿಂತಿತು. ಆ ಕಂಪ್ಯೂಟರನ್ನು ಮುಟ್ಟುವುದು ಯಾರೆಂದು ಅವಳಿಗೆ ಗೊತ್ತಿತ್ತು. ಅವಳು ಪಟ್ಟಿ ಮುಚ್ಚಲು ಹೋಗುವಷ್ಟರಲ್ಲಿ ಅತ್ತೆ, "ತಡಿ ತಡಿ, ಏನದು?" ಎಂದು ಮುಂದೆ ಬಾಗಿದರು. "ಓರಗಿತ್ತಿಯನ್ನು ಅಂಗಡಿಯಿಂದ... ಅಯ್ಯೋ, ಇದೇನೇ ಇದು?"

"ಜನ ಹುಡುಕೋದು ಅತ್ತೆ," ಎಂದಳು ಚಿಕ್ಕವಳು, ಮುಖ ತಿರುಗಿಸದೆ. "ಜನ ಏನೇನೋ ಹುಡುಕ್ತಾರೆ."

ಕಾಪಾಡುತ್ತಿದ್ದಾಳೆ! ದೊಡ್ಡ ಸೊಸೆಗೆ ಅವಮಾನಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಅದು. ಜಾಣತನ ಸಾಲದೆಂದು ಒಳ್ಳೆಯತನವೂ ಬೇರೆ.

ಅತ್ತೆಗೆ ಕುತೂಹಲ ಹತ್ತಿಬಿಟ್ಟಿತ್ತು. ನಾಲ್ಕು ಸಾಲನ್ನೂ ಗಟ್ಟಿಯಾಗಿ ಓದಿದರು. ಕಿಟಕಿ ಪಕ್ಕದಲ್ಲಿ ಸ್ಕ್ರೂ ಡ್ರೈವರ್ ಕೆಳಗೆ ಬಿದ್ದ ಸದ್ದಾಯಿತು. "ಒಬ್ಬಳೇ ಹುಡುಕಿರೋ ಹಾಗಿದೆ. ಪಾಪ, ಯಾವ ಮನೆಯೋಳೋ. ಸರಿ, ಮಿಷನ್ ವಿಷಯ ಆಮೇಲೆ. ಮೊದಲು ಇದನ್ನ ಹೇಳು. ಕೇಳೋರಿಗೆ ಏನು ಬೇಕು ಅಂತ ನೀನು ಕಂಡುಹಿಡೀತೀಯಲ್ಲ, ಇವಳಿಗೆ ಏನು ಬೇಕು?"

"ಬೇಡ ಅತ್ತೆ..."

"ಹೇಳೇ ಅಂದ್ರೆ."

ಚಿಕ್ಕವಳು ಪರದೆಯನ್ನೇ ನೋಡುತ್ತ ನಿಧಾನವಾಗಿ ಹೇಳಿದಳು. "ಇವಳಿಗೆ ಓರಗಿತ್ತಿ ಹೋಗೋದು ಬೇಕಾಗಿಲ್ಲ ಅತ್ತೆ. ದೂರ ಇಡೋದು ಹೇಗೆ ಅಂತ ಕೇಳಿರೋದು ಕೊನೇಲಿ. ಮೊದಲು ಕೇಳಿರೋದು, ಆಮೇಲೆ ಬಂದೋರು ಯಾಕೆ ಮೊದಲು ಅಂತ. ಇವಳದೊಂದು ಜಾಗ ಇದೆ. ಎಷ್ಟೋ ವರ್ಷದಿಂದ ಕೂತಿರೋ ಜಾಗ. ಅದು ಹೋಗುತ್ತೆ ಅಂತ ಹೆದರಿದಾಳೆ. ಜಾಗ ಉಳಿದ್ರೆ ಇವಳಿಗೆ ಸಾಕು."

ಅತ್ತೆ ಮೆಚ್ಚಿ ತಲೆದೂಗಿದರು. "ನೋಡು, ನೋಡು. ನಾಲ್ಕು ಸಾಲಲ್ಲಿ ಮನಸ್ಸನ್ನೇ ಓದಿಬಿಟ್ಲು. ಎಷ್ಟು ಜಾಣೆ ಕಣೇ..."

"ತಪ್ಪು" ಎಂದಳು ದೊಡ್ಡ ಸೊಸೆ.

ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಯಾವುದೋ ಮನೆಯವಳು ಎಂದೇ ಅತ್ತೆ ತಿಳಿಯುತ್ತಿದ್ದರು. ಆದರೆ ಆ ಒಂದು ಮಾತು, ಆ ಜಾಣೆ ಎನ್ನುವ ಮಾತು, ತಪ್ಪು ಉತ್ತರಕ್ಕೆ ಚಿಕ್ಕವಳಿಗೆ ಸಿಗುವುದನ್ನು ನೋಡಿಕೊಂಡು ಸುಮ್ಮನಿರುವುದು ಅವಳಿಂದ ಆಗದ ಕೆಲಸ. ಮಾನ ಹೋದರೂ ಪರವಾಗಿಲ್ಲ, ಇದೊಂದರಲ್ಲಿ ಅವಳು ಗೆಲ್ಲಬಾರದು.

"ತಪ್ಪು ಅತ್ತೆ. ಅವಳಿಗೆ ಜಾಗ ಬೇಕಾಗಿಲ್ಲ. ಹಿಂದಿನ ಕೋಣೇಲಿ ಕೂರಿಸಿದ್ರೂ ಕೂರ್ತಾಳೆ. ಓರಗಿತ್ತಿ ಬಂದ ನಾಲ್ಕನೇ ದಿನ ದಾರದ ಉಂಡೆ ಜೋಡಿಸಿದ್ದಕ್ಕೆ ಒಂದು ಮಾತು ಹೇಳಿದ್ರಲ್ಲ, ಆ ಮಾತನ್ನ ಅವಳು ಹದಿನೆಂಟು ವರ್ಷದಿಂದ ಕಾಯ್ತಿದಾಳೆ. ಅದು ಎಲ್ಲಿ ಸಿಗುತ್ತೆ ಅಂತ ಹುಡುಕ್ತಿದಾಳೆ." ಪರದೆಯತ್ತ ಬೆರಳು ಮಾಡಿದಳು. "ನನಗೆ ಗೊತ್ತು. ಹುಡುಕಿದೋಳು ನಾನೇ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು; ಆಗಲೇ ಒರೆಸಿದ್ದ ಕನ್ನಡಕ. ಅದನ್ನು ಮತ್ತೆ ಹಾಕಿಕೊಂಡು, "ಚೆನ್ನಾಗಿ ನಡೀತಿರೋ ಮಿಷನ್ನಿನ ಮುಚ್ಚಳ ಯಾರು ತೆಗೆದು ನೋಡ್ತಾರೆ?" ಎಂದರು.

"ಎಣ್ಣೆ ಬಿಡೋಕೆ ತೆಗೀಬೇಕು ಅತ್ತೆ. ನೀವೇ ಕಲಿಸಿದ್ದು."

ಅತ್ತೆಯ ತುಟಿ ಅಲುಗಿತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ದೊಡ್ಡ ಸೊಸೆ ಉಸಿರು ಹಿಡಿದಳು. ಅತ್ತೆ ಎದ್ದು ನಿಂತು, "ಮುಂದೆ ನೀನೇ ಕೂತ್ಕೋ" ಎಂದರು. ಷಟರನ್ನು ಪೂರ್ತಿ ಎತ್ತುವಂತೆ ಮಗನಿಗೆ ಹೇಳಿ ಒಳಗೆ ಹೋದರು. ಅಷ್ಟೇ. ಕೇಳಿದ್ದೊಂದು, ಸಿಕ್ಕಿದ್ದು ಅದರ ಪಕ್ಕದ ಇನ್ನೊಂದು.

ಕುರ್ಚಿಯಲ್ಲಿ ಕೂತ ದೊಡ್ಡ ಸೊಸೆಗೆ ಗೆದ್ದೆನೆಂದು ಅನಿಸಲಿಲ್ಲ. ಚಿಕ್ಕವಳು ನೋಟ್‌ಬುಕ್ಕು ಎತ್ತಿಕೊಂಡು ಹಿಂದಿನ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. ಅವಳ ಮುಖ ಮೊದಲ ಬಾರಿಗೆ ಗಂಟು ಹಾಕಿಕೊಂಡಿತ್ತು.

"ಆ ಮಾತು ನಿಮಗೆ ಬೇಕಾದ್ರೆ ಇಡೀ ಮೂರು ವರ್ಷದ್ದೂ ತಗೊಳ್ಳಿ ಅಕ್ಕ. ಹೊಗಳೋಕೇನು, ಗಿರಾಕಿಗಳ ಮಕ್ಕಳನ್ನೂ ಹಾಗೇ ಹೊಗಳ್ತಾರೆ ಅವರು. ಮೂರು ವರ್ಷದಿಂದ ಆ ಸ್ಟೂಲ್ ಮೇಲೆ ಕೂತಿದೀನಿ. ಫೋನ್ ಬಂದಾಗಲೆಲ್ಲ ಅತ್ತೆ ನಿಮ್ಮ ಕಡೆ ನೋಡ್ತಾರೆ. ನನ್ನ ಕೈ ಅದರ ಪಕ್ಕದಲ್ಲೇ ಇದ್ರೂ, ನೀವು ಊಟಕ್ಕೆ ಕೂತಿದ್ರೂ ನಿಮ್ಮನ್ನೇ ಕೂಗ್ತಾರೆ. ಒಂದೇ ಒಂದು ಸಲ, ಚಿಕ್ಕವಳೇ ನೀನು ಎತ್ತು ಅಂದಿಲ್ಲ." ಅವಳ ಕಣ್ಣೀರು ಕೆನ್ನೆಗಿಳಿಯಿತು. "ನಾನು ಯಾಕೆ ನಿಮ್ಮ ಮಾತನ್ನೆಲ್ಲ ಬರೆದು ಬರೆದು ಇಡ್ತಿದ್ದೆ ಅಂದ್ಕೊಂಡಿದೀರಿ? ಹೊಟ್ಟೆ ಉರೀತಿತ್ತು ಅಕ್ಕ."

ದೊಡ್ಡ ಸೊಸೆ ಅವಳನ್ನು ನೆಟ್ಟ ಕಣ್ಣಿನಿಂದ ನೋಡಿದಳು. ಚಿಕ್ಕವಳ ಕಣ್ಣಲ್ಲಿದ್ದದ್ದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರು ವರ್ಷದಿಂದ ದಿನಾ ಕನ್ನಡಿಯಲ್ಲಿ ನೋಡಿದ್ದೇ ಅದು. ನನ್ನನ್ನು ನೋಡಿ ಇವಳಿಗೆ! ಇಷ್ಟು ಜಾಣೆಗೆ! ಇದ್ದಕ್ಕಿದ್ದಂತೆ ಅವಳ ಹೊಟ್ಟೆ ತಣ್ಣಗಾಯಿತು. ಎದ್ದು ಹೋಗಿ ಚಿಕ್ಕವಳ ಕೆನ್ನೆ ಒರೆಸಿದಳು. ತನ್ನ ಕುರ್ಚಿಯ ಮೇಲಿದ್ದ ದಿಂಬನ್ನು ತಂದು, ಒಳಗೆ ಮಣೆಯ ಮೇಲೆ ಹಾಕಿ, "ಸೊಂಟ ನೋವು ಬರುತ್ತೆ, ಇದರ ಮೇಲೆ ಕೂತ್ಕೋ" ಎಂದಳು. ನಾಳೆಯಿಂದ ನಿನ್ನ ಪುಟಗಳನ್ನೆಲ್ಲ ಒಮ್ಮೆ ಓದಿ ತಪ್ಪಿದ್ದರೆ ಹೇಳುತ್ತೇನೆ ಎಂದೂ ಅಂದಳು, ಮನಸಾರೆ.

ಅಷ್ಟರಲ್ಲಿ ಮುಂದೆ ಫೋನ್ ರಿಂಗಾಯಿತು. ಚಿಕ್ಕವಳು ತಲೆ ಎತ್ತಿ ಆಸೆಯಿಂದ ಅವಳ ಮುಖ ನೋಡಿದಳು. ದೊಡ್ಡ ಸೊಸೆಗೆ ಆ ನೋಟ ಅರ್ಥವಾಯಿತು, ಬಹಳ ಚೆನ್ನಾಗಿಯೇ ಅರ್ಥವಾಯಿತು. ದಡದಡನೆ ಮುಂದೆ ಓಡಿ ಹೋಗಿ ತಾನೇ ಎತ್ತಿದಳು.